ಟ್ಯಾಬ್ ಕೊಳ್ಳುವ ಮುನ್ನ ಬೆಲೆ ಮತ್ತು ಮೌಲ್ಯವನ್ನು ಹೋಲಿಸುವ ಬಗೆ

ಅಂಗಡಿಯ ಗಾಜಿನ ಕಪಾಟಿನಲ್ಲಿ 15 ಸಾವಿರ ರೂಪಾಯಿಯ ಟ್ಯಾಬ್ ಮತ್ತು 35 ಸಾವಿರ ರೂಪಾಯಿಯ ಟ್ಯಾಬ್ ಅಕ್ಕಪಕ್ಕ ಇದ್ದಾಗ ಎರಡೂ ಹೆಚ್ಚುಕಡಿಮೆ ಒಂದೇ ಅಳತೆಯವಾಗಿ, ಒಂದೇ ತೂಕದವಾಗಿ ಕಾಣುತ್ತವೆ. ವ್ಯತ್ಯಾಸವೇನೆಂದು ಕೇಳಿದರೆ ಮಾರಾಟಗಾರರು ರ‍್ಯಾಮ್, ಪ್ರೊಸೆಸರ್, ಹರ್ಟ್ಸ್ ಎಂದು ಅಂಕಿಗಳನ್ನು ಒಪ್ಪಿಸುತ್ತಾರೆ. ಆ ಅಂಕಿಗಳಲ್ಲಿ ಯಾವುದು ತಮ್ಮ ಮನೆಯ ಕೆಲಸಕ್ಕೆ ಸಂಬಂಧಿಸಿದ್ದು, ಯಾವುದು ಬರೀ ಅಲಂಕಾರ ಎಂಬುದು ಕೊಳ್ಳುವವರಿಗೆ ತಿಳಿಯದೇ ಉಳಿಯುತ್ತದೆ. ಆದ್ದರಿಂದ ಹೋಲಿಕೆಯ ಕೆಲಸ ಅಂಗಡಿಗೆ ಹೋಗುವ ಮೊದಲೇ, ಮನೆಯಲ್ಲಿ ಒಂದು ಹಾಳೆಯ ಮೇಲೆ ಮುಗಿದಿರಬೇಕು. ಡಬ್ಬಿಯ ಮೇಲಿನ ಬೆಲೆಗಿಂತ, ಟ್ಯಾಬ್ ನಿಜವಾಗಿ ಉಪಯೋಗಕ್ಕೆ ಬರುವ ಪ್ರತಿ ವರ್ಷಕ್ಕೆ ನಾವು ತೆರುವ ಹಣ ಎಷ್ಟು ಎಂಬುದನ್ನು ಆ ಹಾಳೆಯಲ್ಲಿ ಕಂಡುಕೊಳ್ಳಬೇಕು.

ಬೆಲೆಯೊಂದನ್ನೇ ಗುರಿಯಾಗಿಟ್ಟುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ನಿದರ್ಶನವಿದೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗಾಗಿ ‘ಆಕಾಶ್’ ಟ್ಯಾಬನ್ನು ಬಿಡುಗಡೆ ಮಾಡಿದಾಗ ಅದು ಜಗತ್ತಿನಲ್ಲೇ ಅತಿ ಅಗ್ಗದ ಟ್ಯಾಬ್ ಎಂದು ಎಲ್ಲೆಡೆ ಸುದ್ದಿಯಾಯಿತು. ಆದರೆ 7 ಇಂಚಿನ ಅದರ ಪರದೆಯನ್ನು ಬೆರಳಿನಿಂದ ಸವರಿದರೆ ಸಾಲದು, ಒತ್ತಬೇಕಾಗಿತ್ತು. ಒಳಗೆ, ತೆರೆದ ಆ್ಯಪ್ ನಡೆಯಲು ಬೇಕಾದ ತಾತ್ಕಾಲಿಕ ಸ್ಮೃತಿಯಾಗಿ ಇದ್ದದ್ದು ಬರೀ 256 ಎಂಬಿ ರ‍್ಯಾಮ್. ಕೈಗೆಟುಕುವ ಬೆಲೆಯಲ್ಲಿ ಸಿಕ್ಕ ಆ ಸಾಧನ ಪಾಠ ಓದುವ ಕೆಲಸಕ್ಕೇ ಒದಗಲಿಲ್ಲ.

ಮೊದಲು ಕೆಲಸ, ಆಮೇಲೆ ಮಾದರಿ

ಹಾಳೆಯ ಮೇಲ್ಭಾಗದಲ್ಲಿ ಬ್ರ್ಯಾಂಡಿನ ಹೆಸರಿನ ಬದಲು ಟ್ಯಾಬನ್ನು ಯಾರು, ಯಾವುದಕ್ಕೆ, ದಿನಕ್ಕೆ ಎಷ್ಟು ಹೊತ್ತು ಬಳಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಪಿಯುಸಿ ಓದುವ ಮಗಳು ಪಿಡಿಎಫ್ ನೋಟ್ಸ್ ಓದಿ ಅದರ ಮೇಲೆಯೇ ಗುರುತು ಹಾಕಿಕೊಳ್ಳಬೇಕೇ, ಅಜ್ಜ ದಿನಪತ್ರಿಕೆಯ ಇ-ಆವೃತ್ತಿ ಓದಿ ವಿದೇಶದಲ್ಲಿರುವ ಮೊಮ್ಮಕ್ಕಳೊಂದಿಗೆ ವಿಡಿಯೊ ಕರೆಯಲ್ಲಿ ಮಾತಾಡಬೇಕೇ, ಅಥವಾ ಐದು ವರ್ಷದ ಮಗು ಚಿತ್ರ ನೋಡುವುದಕ್ಕಷ್ಟೇ ಬೇಕೇ ಎಂಬುದರ ಮೇಲೆ ಮುಂದಿನ ಎಲ್ಲ ಲೆಕ್ಕವೂ ನಿಂತಿದೆ. ಒಂದೇ ಟ್ಯಾಬ್ ಮೂವರಿಗೂ ಆಗಲಿ ಎಂಬ ಆಸೆ ಸಹಜವೇ ಆದರೂ, ಪರೀಕ್ಷೆಯ ಹಿಂದಿನ ದಿನ ಅದು ಯಾರ ಕೈಯಲ್ಲಿ ಇರುತ್ತದೆ ಎಂಬುದನ್ನು ಮೊದಲೇ ಯೋಚಿಸುವುದು ಒಳ್ಳೆಯದು.

ಈ ಹಂತದಲ್ಲಿಯೇ ಕೆಲವರಿಗೆ ಟ್ಯಾಬ್ ಬೇಡವೆಂದು ಗೊತ್ತಾಗುತ್ತದೆ. ಕಚೇರಿಯ ಪತ್ರ, ಪ್ರಬಂಧ, ಲೆಕ್ಕಪತ್ರಗಳನ್ನು ದಿನವಿಡೀ ಟೈಪ್ ಮಾಡುವವರು ಟ್ಯಾಬಿಗೆ ಕೀಲಿಮಣೆಯ ಕವರು ಮತ್ತು ಮೌಸ್ ಸೇರಿಸುವ ಹೊತ್ತಿಗೆ ಸಾಧಾರಣ ಲ್ಯಾಪ್‌ಟಾಪಿನ ಬೆಲೆಗೆ ಬಂದು ಮುಟ್ಟಿರುತ್ತಾರೆ. ಸರ್ಕಾರಿ ಕಚೇರಿಗೋ ಮುದ್ರಣಾಲಯಕ್ಕೋ ನುಡಿ ತಂತ್ರಾಂಶದ ಕಡತವನ್ನೇ ಕೊಡಬೇಕಾದವರಂತೂ, ಆ ತಂತ್ರಾಂಶ ವಿಂಡೋಸ್ ಗಣಕಕ್ಕಾಗಿ ಸಿದ್ಧವಾದದ್ದೆಂಬುದನ್ನು ಮರೆಯಬಾರದು. ಕನ್ನಡವನ್ನು ಎಲ್ಲ ಸಾಧನಗಳಿಗೂ ಹೊಂದುವ ಯೂನಿಕೋಡ್‌ನಲ್ಲಿ ಬರೆಯುವವರಿಗೆ ಆಂಡ್ರಾಯ್ಡ್ ಮತ್ತು ಐಪ್ಯಾಡ್ ಎರಡರಲ್ಲೂ ಕೀಲಿಮಣೆ ಸಿಗುತ್ತದೆ, ಅಲ್ಲಿ ತೊಂದರೆಯಿಲ್ಲ.

ಇಂಚಿನ ಲೆಕ್ಕ

ಪರದೆಯ ಅಳತೆಯನ್ನು ಮೂಲೆಯಿಂದ ಮೂಲೆಗೆ, ಕರ್ಣದ ಉದ್ದದಲ್ಲಿ ಹೇಳುವುದು ರೂಢಿ. ಇದರಿಂದ ಎರಡು ಬಗೆಯ ತಪ್ಪು ಅಂದಾಜು ಹುಟ್ಟುತ್ತದೆ. 8.7 ಇಂಚಿಗೂ 11 ಇಂಚಿಗೂ ವ್ಯತ್ಯಾಸ ಬರೀ ಎರಡೂಕಾಲು ಇಂಚು ಎನಿಸುತ್ತದೆ; ಆದರೆ ಸ್ಯಾಮ್ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9ರ 8.7 ಇಂಚಿನ ಪರದೆಯ ವಿಸ್ತೀರ್ಣ ಸುಮಾರು 33 ಚದರ ಇಂಚು, ಅದರ ಅಣ್ಣನಂತಿರುವ ಎ9 ಪ್ಲಸ್‌ನ 11 ಇಂಚಿನ ಪರದೆಯದು ಸುಮಾರು 54 ಚದರ ಇಂಚು. ಅಂದರೆ ಓದುವ ಜಾಗ ಒಂದೂವರೆ ಪಟ್ಟಿಗೂ ಮಿಗಿಲಾಗಿ ಹೆಚ್ಚುತ್ತದೆ. ಇನ್ನೊಂದು ತಪ್ಪು ಅಂದಾಜು ಆಕಾರದ್ದು. 2025ರ ಮಾರ್ಚಿನಲ್ಲಿ ಬಂದ ಎ16 ಚಿಪ್ಪಿನ ಐಪ್ಯಾಡಿನ ಕರ್ಣ 10.86 ಇಂಚು ಮಾತ್ರ. ಆದರೆ ಅದು ಹೆಚ್ಚು ಚೌಕಾಕಾರವಾಗಿರುವುದರಿಂದ ವಿಸ್ತೀರ್ಣ ಸುಮಾರು 55 ಚದರ ಇಂಚು, ಅಂದರೆ ಉದ್ದನೆಯ 11 ಇಂಚಿನ ಪರದೆಗಿಂತ ಒಂದು ಕೂದಲೆಳೆಯಷ್ಟು ಹೆಚ್ಚೇ.

ಓದುವವರಿಗೆ ಈ ಲೆಕ್ಕ ಬಹಳ ಮುಖ್ಯ. ಪ್ರಶ್ನೆಪತ್ರಿಕೆ, ನೋಟ್ಸ್, ಸುತ್ತೋಲೆಗಳು ಸಾಮಾನ್ಯವಾಗಿ ಎ4 ಅಳತೆಯಲ್ಲಿರುತ್ತವೆ. ಆ ಹಾಳೆಯ ಅಗಲ 8.27 ಇಂಚು. ಟ್ಯಾಬನ್ನು ನೆಟ್ಟಗೆ ಹಿಡಿದು ಪುಟವನ್ನು ಪೂರ್ತಿ ತೆರೆದಾಗ, 8.7 ಇಂಚಿನ ಟ್ಯಾಬಿನಲ್ಲಿ ಅದು ಮೂಲದ ಶೇ 54ಕ್ಕೆ ಕುಗ್ಗುತ್ತದೆ. 11 ಇಂಚಿನ ಉದ್ದನೆಯ ಪರದೆಯಲ್ಲಿ ಶೇ 70ಕ್ಕೆ, ಐಪ್ಯಾಡಿನಲ್ಲಿ ಶೇ 75ಕ್ಕೆ. 12 ಪಾಯಿಂಟಿನಲ್ಲಿ ಅಚ್ಚಾದ ಅಕ್ಷರ ಮೊದಲನೆಯದರಲ್ಲಿ ಆರೂವರೆ ಪಾಯಿಂಟಿಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರವನ್ನು ಆ ಗಾತ್ರದಲ್ಲಿ ಹೇಗೋ ಓದಬಹುದು. ‘ಸ್ತ್ರೀ’, ‘ರಾಷ್ಟ್ರ’ ಎಂಬಂಥ ಪದಗಳಲ್ಲಿ ಒತ್ತಿನ ಮೇಲೆ ಒತ್ತು ಬರುವ ಕನ್ನಡವನ್ನು ಓದುವಾಗ ಕಣ್ಣು ಕಿರಿದು ಮಾಡಬೇಕಾಗುತ್ತದೆ, ಇಲ್ಲವೇ ಪ್ರತಿ ಸಾಲಿಗೂ ಹಿಗ್ಗಿಸಿ ಅತ್ತಿತ್ತ ಸರಿಸಬೇಕಾಗುತ್ತದೆ. ಪರದೆಯ ಸಾಂದ್ರತೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಎ9ರಲ್ಲಿ ಇಂಚಿಗೆ ಸುಮಾರು 179 ಚುಕ್ಕೆಗಳಿದ್ದರೆ ಎ9 ಪ್ಲಸ್‌ನಲ್ಲಿ 206, ಐಪ್ಯಾಡಿನಲ್ಲಿ 264. ಪುಸ್ತಕ ಓದುವುದೇ ಮುಖ್ಯ ಕೆಲಸವಾದರೆ 200ಕ್ಕಿಂತ ಕಡಿಮೆ ಸಾಂದ್ರತೆಯ ಪರದೆಯನ್ನು ನಾನು ಪಟ್ಟಿಯಿಂದಲೇ ಹೊಡೆದುಹಾಕುತ್ತೇನೆ. ಸಿನಿಮಾ ನೋಡುವವರಿಗೆ ಮಾತ್ರ ಉದ್ದನೆಯ ಪರದೆಯೇ ಲಾಭ, ಏಕೆಂದರೆ ಚೌಕಾಕಾರದ ಪರದೆಯಲ್ಲಿ ಚಿತ್ರದ ಮೇಲೆ ಕೆಳಗೆ ದಪ್ಪ ಕಪ್ಪು ಪಟ್ಟಿ ಉಳಿಯುತ್ತದೆ.

ಅಂಗಡಿಯಲ್ಲಿ ಇದನ್ನು ಪರೀಕ್ಷಿಸಲು ಸುಲಭ ಉಪಾಯವಿದೆ. ನೀವು ನಿಜವಾಗಿ ಓದುವ ಒಂದು ಕನ್ನಡ ಪಿಡಿಎಫನ್ನು ನಿಮಗೇ ಇ-ಮೇಲ್ ಮಾಡಿಕೊಂಡು, ಪ್ರದರ್ಶನಕ್ಕಿಟ್ಟ ಟ್ಯಾಬಿನಲ್ಲಿ ತೆರೆದು ನೋಡಿ. ಆದರೆ ಹೊರಡುವ ಮುನ್ನ ಖಾತೆಯಿಂದ ಲಾಗ್‌ಔಟ್ ಆಗುವುದನ್ನು ಮರೆಯಬೇಡಿ.

ಒಳಗಿನ ಅಂಕಿಗಳಲ್ಲಿ ಯಾವುದನ್ನು ನಂಬಬೇಕು

ರ‍್ಯಾಮಿನ ವಿಷಯದಲ್ಲಿ ಜಾಹೀರಾತಿನ ಭಾಷೆಯನ್ನು ಎಚ್ಚರದಿಂದ ಓದಬೇಕು. ‘8 ಜಿಬಿವರೆಗೆ ರ‍್ಯಾಮ್’ ಎಂದು ದೊಡ್ಡದಾಗಿ ಬರೆದು, ಕೆಳಗೆ ಸಣ್ಣಕ್ಷರದಲ್ಲಿ ‘4 ಜಿಬಿ + 4 ಜಿಬಿ ವರ್ಚುವಲ್’ ಎಂದಿದ್ದರೆ ನಿಮಗೆ ಸಿಗುವುದು 4 ಜಿಬಿ ಮಾತ್ರ. ಉಳಿದದ್ದು ಸ್ಟೋರೇಜಿನ ಒಂದು ಭಾಗವನ್ನು ಎರವಲು ಪಡೆದದ್ದು, ಅದರ ವೇಗ ನಿಜವಾದ ರ‍್ಯಾಮಿನದಲ್ಲ. ಆಂಡ್ರಾಯ್ಡ್ ಟ್ಯಾಬಿನಲ್ಲಿ ವಿಡಿಯೊ ಪಾಠ ನೋಡುತ್ತಲೇ ಪಕ್ಕದಲ್ಲಿ ಟಿಪ್ಪಣಿ ಬರೆಯುವ ಉದ್ದೇಶವಿದ್ದರೆ 6 ಜಿಬಿಗಿಂತ ಕಡಿಮೆಯದನ್ನು ಇಂದು ಕೊಳ್ಳುವುದರಲ್ಲಿ ಅರ್ಥವಿಲ್ಲ. ಬರೀ ವಿಡಿಯೊ ನೋಡುವವರಿಗೆ 4 ಜಿಬಿ ಸಾಕು.

ಸ್ಟೋರೇಜ್ ಎಷ್ಟು ಎಂಬುದರಂತೆಯೇ ಎಂಥದು ಎಂಬುದೂ ಮುಖ್ಯ. ಅಗ್ಗದ ಟ್ಯಾಬುಗಳಲ್ಲಿ ಇಎಂಎಂಸಿ ಎಂಬ ನಿಧಾನಗತಿಯ ಸ್ಮೃತಿ ಇರುತ್ತದೆ, ಮೇಲಿನ ದರ್ಜೆಯವುಗಳಲ್ಲಿ ಯುಎಫ್‌ಎಸ್. ಆ್ಯಪ್ ತೆರೆಯಲು, ಅಪ್‌ಡೇಟ್ ಮುಗಿಯಲು ಹಿಡಿಯುವ ಹೊತ್ತಿನಲ್ಲಿ ಈ ಭೇದ ದಿನವೂ ಅನುಭವಕ್ಕೆ ಬರುತ್ತದೆ. ಮೈಕ್ರೊ ಎಸ್‌ಡಿ ಕಾರ್ಡ್ ಹಾಕುವ ಸೌಲಭ್ಯವಿದ್ದರೆ ಸಿನಿಮಾ, ಪಾಠಗಳನ್ನು ಕಾರ್ಡಿನಲ್ಲಿ ಇಟ್ಟುಕೊಳ್ಳಬಹುದು. ಐಪ್ಯಾಡಿನಲ್ಲಿ ಆ ಸೌಲಭ್ಯವಿಲ್ಲ. ಬಿಡುಗಡೆಯಾದಾಗ ಎ16 ಐಪ್ಯಾಡಿನ 128 ಜಿಬಿ ಮಾದರಿಗೆ 34,900 ರೂಪಾಯಿ, 256 ಜಿಬಿಗೆ 44,900 ರೂಪಾಯಿ ಇತ್ತು. ಜಾಗಕ್ಕಷ್ಟೇ ಹತ್ತು ಸಾವಿರ ತೆರಬೇಕಾಗುತ್ತದೆ.

ಸಿಮ್ ಸೌಲಭ್ಯವಿರುವ ಮಾದರಿಗೆ ಇದಕ್ಕಿಂತಲೂ ಹೆಚ್ಚು ತೆರಬೇಕು. ಅದೇ ಐಪ್ಯಾಡಿನ ಸೆಲ್ಯುಲರ್ ಮಾದರಿ 49,900 ರೂಪಾಯಿಯಿಂದ ಆರಂಭವಾಗಿತ್ತು, ಅಂದರೆ 15 ಸಾವಿರ ಹೆಚ್ಚು. ಕೈಯಲ್ಲಿ ಹೇಗೂ ಮೊಬೈಲ್ ಇದ್ದು ಹಾಟ್‌ಸ್ಪಾಟ್ ಹಾಕಿಕೊಳ್ಳಲು ಬರುವವರು ವೈಫೈ ಮಾದರಿಯಲ್ಲೇ ತೃಪ್ತರಾಗಬಹುದು. ಆದರೆ ವೈಫೈ ಐಪ್ಯಾಡಿನಲ್ಲಿ ಜಿಪಿಎಸ್ ಇರುವುದಿಲ್ಲ ಎಂಬುದು ಕಾರಿನಲ್ಲಿ ನಕ್ಷೆ ನೋಡಲು ಟ್ಯಾಬ್ ಬಯಸುವವರಿಗೆ ತಿಳಿದಿರಲಿ. ಹಳ್ಳಿಯಲ್ಲಿ ಒಂಟಿಯಾಗಿರುವ ಹಿರಿಯರಿಗೆ ಕೊಡಿಸುವುದಾದರೆ ನನ್ನ ಸಲಹೆ ಸಿಮ್ ಇರುವ ಮಾದರಿಯ ಪರವಾಗಿಯೇ ಇದೆ, ಹಾಟ್‌ಸ್ಪಾಟಿನ ಗೋಜಲು ಅವರಿಗೆ ಬೇಡ.

ಒಟಿಟಿ ನೋಡುವವರು, ಚಿತ್ರಗಳ ನಕಲನ್ನು ತಡೆಯುವ ವ್ಯವಸ್ಥೆಗೆ ಸಂಬಂಧಿಸಿದ ವೈಡ್‌ವೈನ್ ಎಲ್1 ಎಂಬ ಪ್ರಮಾಣ ಇದೆಯೇ ಎಂದು ವಿಚಾರಿಸಬೇಕು. ಅದಿಲ್ಲದೆ ಎಲ್3 ಮಾತ್ರ ಇದ್ದರೆ, ಪರದೆ ಎಷ್ಟೇ ಚೆನ್ನಾಗಿದ್ದರೂ ನೆಟ್‌ಫ್ಲಿಕ್ಸ್‌ನಂಥ ಸೇವೆಗಳು ಎಚ್‌ಡಿ ಚಿತ್ರವನ್ನು ಕೊಡುವುದಿಲ್ಲ. ಬ್ಯಾಟರಿಯ ವಿಷಯದಲ್ಲಿ ಒಂದು ಚಿಕ್ಕ ತೊಡಕಿದೆ: ಆಂಡ್ರಾಯ್ಡ್ ಕಂಪನಿಗಳು ಮಿಲಿಆಂಪ್-ಗಂಟೆಯಲ್ಲಿ ಹೇಳುತ್ತವೆ, ಆ್ಯಪಲ್ ವ್ಯಾಟ್-ಗಂಟೆಯಲ್ಲಿ. ಮೊದಲನೆಯದನ್ನು 3.85ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಹೋಲಿಕೆಗೆ ಸಾಕಾಗುವಷ್ಟು ಉತ್ತರ ಸಿಗುತ್ತದೆ. ಎ9 ಪ್ಲಸ್‌ನ 7,040 ಮಿಲಿಆಂಪ್-ಗಂಟೆ ಸುಮಾರು 27 ವ್ಯಾಟ್-ಗಂಟೆಯಾಗುತ್ತದೆ, ಐಪ್ಯಾಡಿನದು 28.93, ಇಬ್ಬರೂ ಹತ್ತಿರಹತ್ತಿರವೇ. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಮೂಡಿಸುತ್ತದೆ ಎಂದು ಹೇಳುವ 90, 120, 144 ಹರ್ಟ್ಸ್ ಎಂಬ ಅಂಕಿಗಳು ಪೆನ್ನಿನಿಂದ ಬರೆಯುವವರಿಗೆ ಮತ್ತು ಆಟ ಆಡುವವರಿಗೆ ಉಪಯುಕ್ತ; ಉಳಿದವರು ಅದಕ್ಕಾಗಿ ಹಣ ಹೆಚ್ಚಿಸಬೇಕಾಗಿಲ್ಲ.

ಡಬ್ಬಿಯ ಹೊರಗಿನ ಖರ್ಚು

ಹೋಲಿಕೆಯಲ್ಲಿ ಅತಿ ಹೆಚ್ಚು ತಪ್ಪಾಗುವುದು ಇಲ್ಲಿ. ಪೆನ್ನು, ಕವರು, ಟೆಂಪರ್ಡ್ ಗ್ಲಾಸ್, ಕೆಲವೊಮ್ಮೆ ಚಾರ್ಜರ್ ಕೂಡ ಸೇರಿದ ಮೇಲಷ್ಟೇ ಟ್ಯಾಬ್ ಬಳಕೆಗೆ ಸಿದ್ಧವಾಗುತ್ತದೆ. ಎ16 ಐಪ್ಯಾಡಿನ 34,900ಕ್ಕೆ ಯುಎಸ್‌ಬಿ-ಸಿ ಆ್ಯಪಲ್ ಪೆನ್ಸಿಲಿನ 7,900 ಸೇರಿಸಿದರೆ 42,800 ರೂಪಾಯಿ ಆಗುತ್ತದೆ. 2023ರ ಅಕ್ಟೋಬರಿನಲ್ಲಿ 36,999 ರೂಪಾಯಿಗೆ ಬಂದ ಗ್ಯಾಲಕ್ಸಿ ಟ್ಯಾಬ್ ಎಸ್9 ಎಫ್‌ಇ ಜೊತೆಗೆ ಎಸ್-ಪೆನ್ ಡಬ್ಬಿಯಲ್ಲಿಯೇ ಬರುತ್ತಿತ್ತು. ಬರೀ ಟ್ಯಾಬನ್ನು ನೋಡಿದರೆ ಐಪ್ಯಾಡ್ ಎರಡು ಸಾವಿರ ಅಗ್ಗ. ಬರೆಯುವ ವಿದ್ಯಾರ್ಥಿಯ ಕಣ್ಣಿನಿಂದ ನೋಡಿದರೆ ಅದೇ ಸುಮಾರು ಆರು ಸಾವಿರ ದುಬಾರಿ. ಪೆನ್ನು ಬೇಡದ ಮನೆಯಲ್ಲಿ ಈ ವಾದ ತಲೆಕೆಳಗಾಗುತ್ತದೆ, ಆದ್ದರಿಂದಲೇ ಕೆಲಸದ ಪಟ್ಟಿ ಮೊದಲು ಬೇಕು ಎಂದದ್ದು.

ಇನ್ನೊಂದು ಪ್ರಶ್ನೆಯನ್ನು ಕೊಳ್ಳುವ ಮೊದಲೇ ಸೇವಾಕೇಂದ್ರಕ್ಕೆ ಕರೆ ಮಾಡಿ ಕೇಳಿ: ಈ ಮಾದರಿಯ ಪರದೆ ಒಡೆದರೆ ಬದಲಿಸಲು ಎಷ್ಟಾಗುತ್ತದೆ, ಬಿಡಿಭಾಗ ಎಷ್ಟು ದಿನಕ್ಕೆ ಬರುತ್ತದೆ, ನಮ್ಮ ಜಿಲ್ಲೆಯಲ್ಲಿ ಕೇಂದ್ರ ಇದೆಯೇ? ರಾಯಚೂರಿನವರು ದುರಸ್ತಿಗಾಗಿ ಬೆಂಗಳೂರಿಗೆ ಬರಬೇಕಾದರೆ ಆ ಪ್ರಯಾಣದ ಖರ್ಚೂ ಟ್ಯಾಬಿನ ಬೆಲೆಯ ಭಾಗವೇ.

ವರ್ಷಕ್ಕೆ ಎಷ್ಟು ಬಿತ್ತು

ಈಗ ಹಾಳೆಯ ಮುಖ್ಯ ಲೆಕ್ಕಕ್ಕೆ ಬರೋಣ. ಒಟ್ಟು ಸೆಟ್ಟಿನ ಬೆಲೆಯಿಂದ ಕೊನೆಯಲ್ಲಿ ಮಾರಿದರೆ ಬರಬಹುದಾದ ಹಣವನ್ನು ಕಳೆದು, ಟ್ಯಾಬ್ ಉಪಯೋಗಕ್ಕೆ ಬರುವ ವರ್ಷಗಳಿಂದ ಭಾಗಿಸಬೇಕು. ಕೆಳಗಿನ ಮೂರು ಸೆಟ್ಟುಗಳು ಲೆಕ್ಕದ ಬಗೆಯನ್ನು ತೋರಿಸಲು ಕಲ್ಪಿಸಿಕೊಂಡವು. ನಿಮ್ಮ ಮಾದರಿಯ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟುಕೊಳ್ಳಿ.

ಮೊದಲನೆಯದು ಕವರು ಸೇರಿ 15,000 ರೂಪಾಯಿಯದು, ಮೂರು ವರ್ಷ ಬಾಳುತ್ತದೆ, ಆಮೇಲೆ 2,000ಕ್ಕೆ ಹೋಗುತ್ತದೆ: ವರ್ಷಕ್ಕೆ 4,333 ರೂಪಾಯಿ. ಎರಡನೆಯದು ಪೆನ್ನು, ಕವರು ಸೇರಿ 29,500, ಐದು ವರ್ಷ, ಮಾರಿದರೆ 5,000: ವರ್ಷಕ್ಕೆ 4,900. ಮೂರನೆಯದು ಎಲ್ಲ ಸೇರಿ 45,000, ಆರು ವರ್ಷ, ಮಾರಿದರೆ 12,000: ವರ್ಷಕ್ಕೆ 5,500. ಅಂಗಡಿಯಲ್ಲಿ ಮೂರು ಪಟ್ಟು ಅಂತರವಿದ್ದ ಮೊದಲನೆಯದಕ್ಕೂ ಮೂರನೆಯದಕ್ಕೂ ವರ್ಷದ ಲೆಕ್ಕದಲ್ಲಿ ಉಳಿದ ಅಂತರ ಸುಮಾರು ಕಾಲುಭಾಗ ಮಾತ್ರ. ಹೆಚ್ಚು ಬೆಲೆಯದನ್ನು ಕೊಳ್ಳಿ ಎಂದು ಇದರ ಅರ್ಥವಲ್ಲ. ಎರಡನೆಯ ವರ್ಷದ ಕೊನೆಗೆ ಟ್ಯಾಬ್ ನೆಲಕ್ಕೆ ಬಿದ್ದು ಹಾಳಾಯಿತೆನ್ನಿ: ಆಗ ಮೊದಲನೆಯದು ವರ್ಷಕ್ಕೆ 7,500 ರೂಪಾಯಿ ನುಂಗಿದರೆ ಮೂರನೆಯದು 22,500 ನುಂಗಿರುತ್ತದೆ. ಚಿಕ್ಕ ಮಕ್ಕಳ ಕೈಗೆ ಹೋಗುವ ಟ್ಯಾಬ್ ಅಗ್ಗದ್ದೇ ಇರಲಿ, ಕವರು ಮಾತ್ರ ದಪ್ಪದ್ದಿರಲಿ. ಜೋಪಾನವಾಗಿ ಇಟ್ಟುಕೊಳ್ಳುವ ಕಾಲೇಜು ವಿದ್ಯಾರ್ಥಿಗೆ, ಚಿತ್ರಕಾರರಿಗೆ ಎರಡನೆಯ, ಮೂರನೆಯ ಬಗೆಯವು ನಿಜಕ್ಕೂ ಸೋವಿ.

ಎಷ್ಟು ವರ್ಷ ಬಾಳುತ್ತದೆ ಎಂಬುದನ್ನು ಊಹಿಸುವುದು ಹೇಗೆ? ಗಾಜು, ಬ್ಯಾಟರಿಗಳಿಗಿಂತ ಮೊದಲು ಹಲವೊಮ್ಮೆ ಮುಗಿಯುವುದು ತಂತ್ರಾಂಶದ ಬೆಂಬಲ. 2019ರ ಸೆಪ್ಟೆಂಬರಿನಲ್ಲಿ ಬಂದ ಏಳನೆಯ ತಲೆಮಾರಿನ ಐಪ್ಯಾಡಿಗೆ 2025ರಲ್ಲಿ ಬಂದ ಐಪ್ಯಾಡ್‌ಒಎಸ್ 26 ಸಿಗಲಿಲ್ಲ. ಅಂದರೆ ಆರು ವರ್ಷ ಹೊಸ ಆವೃತ್ತಿಗಳು ಬಂದವು. ಸ್ಯಾಮ್ಸಂಗ್ ತನ್ನ ಗ್ಯಾಲಕ್ಸಿ ಟ್ಯಾಬ್ ಎಸ್10 ಸರಣಿಗೆ ಏಳು ಆವೃತ್ತಿಗಳ ಭರವಸೆ ಕೊಟ್ಟಿದೆ. ಅಗ್ಗದ ಹಲವು ಆಂಡ್ರಾಯ್ಡ್ ಟ್ಯಾಬುಗಳಿಗೆ ಇಂಥ ಭರವಸೆಯ ಮಾತೇ ಇರುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ: ಬೆಂಬಲದ ವರ್ಷಗಳನ್ನು ಎಣಿಸುವುದು ಮಾದರಿ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಐದು ವರ್ಷದ ಬೆಂಬಲವಿರುವ ಮಾದರಿಯನ್ನು ಅದು ಬಂದ ಮೂರು ವರ್ಷದ ಬಳಿಕ ‘ಭಾರೀ ರಿಯಾಯಿತಿ’ಯಲ್ಲಿ ಕೊಂಡವರಿಗೆ ಉಳಿಯುವುದು ಎರಡೇ ವರ್ಷ. ಭದ್ರತಾ ಅಪ್‌ಡೇಟ್ ನಿಂತ ಟ್ಯಾಬಿನಲ್ಲಿ ಯೂಟ್ಯೂಬ್ ನೋಡಬಹುದು, ಬ್ಯಾಂಕಿನ ಆ್ಯಪ್ ಇಟ್ಟುಕೊಳ್ಳುವುದು ಬೇಡ.

ರಿಯಾಯಿತಿ, ಕಂತು ಮತ್ತು ಬಿಲ್ಲು

ಗೆರೆ ಎಳೆದ ಎಂಆರ್‌ಪಿಯನ್ನು ಮರೆತುಬಿಡಿ. ಅದೇ ಮಾದರಿ ಕಳೆದ ಕೆಲವು ತಿಂಗಳಲ್ಲಿ ಎಷ್ಟಕ್ಕೆ ಮಾರಾಟವಾಗಿದೆ ಎಂಬುದೇ ನಿಜವಾದ ಅಳತೆಗೋಲು, ಅದನ್ನು ಬೆಲೆಯ ಇತಿಹಾಸ ತೋರಿಸುವ ತಾಣಗಳಲ್ಲಿ ನೋಡಬಹುದು. ದಸರೆ, ದೀಪಾವಳಿಗೆ ಮುಂಚೆ ಅಮೆಜಾನ್, ಫ್ಲಿಪ್‌ಕಾರ್ಟ್‌ಗಳ ದೊಡ್ಡ ಮಾರಾಟಗಳಲ್ಲಿ ಬೆಲೆ ಇಳಿಯುವುದು ನಿಜ. ಆದರೆ ಜಾಹೀರಾತಿನ ಬೆಲೆಯಲ್ಲಿ ನಿರ್ದಿಷ್ಟ ಬ್ಯಾಂಕಿನ ಕಾರ್ಡಿನ ರಿಯಾಯಿತಿ ಮತ್ತು ಎಕ್ಸ್‌ಚೇಂಜ್ ಬೋನಸ್ ಎರಡೂ ಸೇರಿರುತ್ತವೆ. ಆ ಕಾರ್ಡ್ ನಿಮ್ಮಲ್ಲಿಲ್ಲದಿದ್ದರೆ ಆ ಬೆಲೆ ನಿಮ್ಮದಲ್ಲ.

‘ನೋ ಕಾಸ್ಟ್ ಇಎಂಐ’ ಎಂಬುದನ್ನೂ ಒಮ್ಮೆ ಬಿಡಿಸಿ ನೋಡಬೇಕು. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ಹೇಳಿತ್ತು. ಈಗಿನ ಪದ್ಧತಿಯಲ್ಲಿ ಬಡ್ಡಿಯಷ್ಟು ಹಣವನ್ನು ಮೊದಲೇ ರಿಯಾಯಿತಿಯಾಗಿ ಕಳೆದು, ಆಮೇಲೆ ಬ್ಯಾಂಕು ಬಡ್ಡಿ ಹಾಕುತ್ತದೆ. 24,000 ರೂಪಾಯಿಯ ಟ್ಯಾಬಿಗೆ ವಾರ್ಷಿಕ ಶೇ 15ರ ದರದಲ್ಲಿ ಆರು ಕಂತುಗಳೆಂದರೆ ಬಡ್ಡಿಯ ಭಾಗ ಸುಮಾರು 1,016 ರೂಪಾಯಿ. ಅದರ ಮೇಲಿನ ಶೇ 18ರ ಜಿಎಸ್‌ಟಿ, ಅಂದರೆ 183 ರೂಪಾಯಿ, ನಿಮ್ಮ ತಲೆಗೇ ಬೀಳುತ್ತದೆ. 199 ರೂಪಾಯಿ ಸಂಸ್ಕರಣಾ ಶುಲ್ಕ, ಅದಕ್ಕೂ ಜಿಎಸ್‌ಟಿ ಎಂದಿದ್ದರೆ ಒಟ್ಟು ಸುಮಾರು 420 ರೂಪಾಯಿ ಹೆಚ್ಚಾಯಿತು. ದೊಡ್ಡ ಮೊತ್ತವಲ್ಲ, ನಿಜ. ಒಟ್ಟಿಗೆ ಹಣ ಕೊಟ್ಟವರಿಗೆ ಮಾತ್ರ ಸಿಗುವ ರಿಯಾಯಿತಿ ಇದರ ಜೊತೆಗೆ ತಪ್ಪಿಹೋಗುತ್ತದೆಯೇ ಎಂಬುದನ್ನು ನೋಡಿಕೊಂಡರೆ ಸಾಕು.

ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಚೌಕಾಸಿಗೆ ಅವಕಾಶವಿದೆ. ‘ಬಿಲ್ಲು ಬೇಡವೆಂದರೆ ಇನ್ನಷ್ಟು ಕಡಿಮೆ’ ಎಂಬ ಮಾತು ಬಂದರೆ ಒಪ್ಪಬೇಡಿ. ಬಿಲ್ಲಿಲ್ಲದಿದ್ದರೆ ಗ್ರಾಹಕ ಆಯೋಗದಲ್ಲಿ ದೂರನ್ನು ಸಾಬೀತುಪಡಿಸುವುದು ಕಷ್ಟ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಸ್ಥರು ತಮ್ಮ ಸಂಖ್ಯೆಯನ್ನು ಬಿಲ್ಲಿನಲ್ಲಿ ಹಾಕಿಸಿಕೊಂಡರೆ, ವ್ಯವಹಾರಕ್ಕೆ ಬಳಸುವ 29,500 ರೂಪಾಯಿಯ ಸರಕಿನಲ್ಲಿ ಅಡಗಿರುವ 4,500 ರೂಪಾಯಿ ತೆರಿಗೆಯನ್ನು ನಿಯಮಾನುಸಾರ ಹೂಡುವಳಿ ತೆರಿಗೆ ಜಮೆಯಾಗಿ (ಇನ್ಪುಟ್ ಟ್ಯಾಕ್ಸ್ ಕ್ರೆಡಿಟ್) ಪಡೆಯಲು ಸಾಧ್ಯ. ಅಮೆರಿಕದಲ್ಲಿರುವ ಮಗ ತರುತ್ತೇನೆ ಎಂದರೆ ಅದನ್ನೂ ಲೆಕ್ಕ ಹಾಕಿ: ಎ16 ಐಪ್ಯಾಡ್ ಅಲ್ಲಿ 349 ಡಾಲರಿಗೆ ಬಂದಿತು, ಬಹುಪಾಲು ರಾಜ್ಯಗಳಲ್ಲಿ ಅದರ ಮೇಲೆ ಮಾರಾಟ ತೆರಿಗೆಯೂ ಬೀಳುವುದರಿಂದ ಹೆಚ್ಚೇನೂ ಉಳಿಯುವುದಿಲ್ಲ, ವಾರಂಟಿಯ ತಕರಾರು ಬೇರೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಬಳಸಿದ ಟ್ಯಾಬಿನಲ್ಲಿ ಬೆಲೆಗಿಂತ ಮೊದಲು ಬೀಗವನ್ನು ಪರೀಕ್ಷಿಸಬೇಕು. ಹಿಂದಿನ ಮಾಲೀಕರು ಆ್ಯಪಲ್ ಅಥವಾ ಗೂಗಲ್ ಖಾತೆಯನ್ನು ತೆಗೆಯದಿದ್ದರೆ, ರೀಸೆಟ್ ಮಾಡಿದ ಮೇಲೂ ಟ್ಯಾಬ್ ಅವರ ಪಾಸ್‌ವರ್ಡನ್ನೇ ಕೇಳುತ್ತದೆ. ತರಬೇತಿ ಸಂಸ್ಥೆಗಳು, ಕಂಪನಿಗಳು ಕೊಟ್ಟ ಟ್ಯಾಬುಗಳಲ್ಲಿ ಸಂಸ್ಥೆಯ ನಿಯಂತ್ರಣ ಉಳಿದಿರಬಹುದು. ಅಂಥವು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಆದ್ದರಿಂದ ನಿಮ್ಮ ಎದುರಿನಲ್ಲಿಯೇ ರೀಸೆಟ್ ಮಾಡಿಸಿ, ಹೊಸದಾಗಿ ಆರಂಭಿಸಿ, ನಿಮ್ಮ ಖಾತೆಯಿಂದ ಒಳಗೆ ಹೋದ ಮೇಲೆಯೇ ಹಣ ಕೊಡಿ. ಸಿಮ್ ಇರುವ ಮಾದರಿಯಾದರೆ ಸಾಧನದ ಗುರುತಿನ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಪರಿಶೀಲಿಸಿ, ಕದ್ದ ಮಾಲೇ ಎಂದು ತಿಳಿದುಕೊಳ್ಳಬಹುದು.

ಡಬ್ಬಿ ತೆರೆಯುವ ದಿನ

ಆನ್‌ಲೈನಿನಲ್ಲಿ ತರಿಸಿದ್ದಾದರೆ ಮುದ್ರೆ ಒಡೆಯುವುದರಿಂದ ಹಿಡಿದು ಟ್ಯಾಬ್ ಹೊತ್ತಿಕೊಳ್ಳುವವರೆಗೂ ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿಕೊಳ್ಳಿ. ಡಬ್ಬಿಯ ಮೇಲೆ ತಯಾರಿಕೆಯ ಅಥವಾ ಆಮದಿನ ತಿಂಗಳು, ವರ್ಷ ಅಚ್ಚಾಗಿರುತ್ತದೆ; ಗೋದಾಮಿನಲ್ಲಿ ಎರಡು ವರ್ಷ ಕೂತ ಟ್ಯಾಬಿನ ಬ್ಯಾಟರಿ ಹೊಸದರಂತಿರುವುದಿಲ್ಲ. ಟ್ಯಾಬ್‌ಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಕಡ್ಡಾಯವಾಗಿರುವುದರಿಂದ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು. ಹೆಸರೇ ಕೇಳಿರದ ಬ್ರ್ಯಾಂಡುಗಳ ವಿಷಯದಲ್ಲಿ ಇದು ವಿಶೇಷವಾಗಿ ಉಪಯುಕ್ತ. ಪರದೆಯನ್ನು ಪೂರ್ತಿ ಬಿಳಿ, ಆಮೇಲೆ ಪೂರ್ತಿ ಕಪ್ಪು ಮಾಡಿ ಸತ್ತ ಚುಕ್ಕೆಗಳಿವೆಯೇ, ಅಂಚಿನಲ್ಲಿ ಬೆಳಕು ಸೋರುತ್ತಿದೆಯೇ ಎಂದು ಪರೀಕ್ಷಿಸಿ. ಎರಡೂ ಸ್ಪೀಕರ್, ಮೈಕ್, ಕ್ಯಾಮೆರಾ, ಚಾರ್ಜಿಂಗ್ ಎಲ್ಲವನ್ನೂ ಮರಳಿಸುವ ಅವಧಿ ಮುಗಿಯುವ ಮುನ್ನವೇ ಬಳಸಿ ನೋಡಬೇಕು. ದೋಷ ಕಂಡರೆ ಮೊದಲು ಮಾರಾಟಗಾರರಿಗೆ ಲಿಖಿತವಾಗಿ ತಿಳಿಸಿ. ಅಲ್ಲಿ ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಬಿಲ್ಲಿನ ಪ್ರತಿ ಮತ್ತು ಆ ವಿಡಿಯೊ ಕೈಯಲ್ಲಿರಲಿ.